ಗೌರಕ್ಕನ ಕಾರು, ತಿಪ್ಪಣ್ಣನವರ ವಿಮಾನ

ಸಿಯಾಟಲ್ ಹತ್ತಿರದ ವುಡಿನ್‌ವಿಲ್‌ನಲ್ಲಿ ನಮ್ಮ ಪಕ್ಕದ ಮನೆಯ ಗೌರಾದೇವಿ ಗದಗಿನವರು. ಐವತ್ತನೇ ವಯಸ್ಸಿನಲ್ಲಿ, ಮೂರು ಸಲ ಫೇಲಾಗಿಯೂ ಹಟ ಬಿಡದೆ ಡ್ರೈವಿಂಗ್ ಲೈಸೆನ್ಸ್ ತೆಗೆದುಕೊಂಡ ಹೆಂಗಸು. ಆದರೆ ಯಜಮಾನರಾದ ತಿಪ್ಪಣ್ಣ ಕಾರಿನ ಕೀ ಕೊಡುತ್ತಿದ್ದುದು ತರಕಾರಿ ಅಂಗಡಿಗೆ ಮಾತ್ರ. ಹೆದ್ದಾರಿ ಎಂದರೆ ಕೀ ಅವರ ಜೇಬಿನಲ್ಲೇ. ನನಗಂತೂ ಆ ಜೇಬು ಕಂಡರೆ ಮೈ ಉರಿಯುತ್ತಿತ್ತು.

೨೦೦೭ರಲ್ಲಿ, ಪೋರ್ಟ್‌ಲ್ಯಾಂಡ್‌ನಲ್ಲಿದ್ದ ಮಗಳು ಸ್ಮಿತಾ ಬಸುರಿಯಾದಾಗ ಗೌರಕ್ಕನಿಗೆ ಒಂದೇ ಚಿಂತೆ ಹತ್ತಿಕೊಂಡಿತು. ನೋವು ಶುರುವಾಯಿತೆಂದು ಫೋನ್ ಬಂದರೆ, ಯಾರನ್ನೂ ಕೇಳದೆ ತಾನೇ ಕಾರು ತೆಗೆದು ಹೊರಡುವಂತಿರಬೇಕು.

"ವಿಮಾನ ಐತಲ್ಲ," ಎನ್ನುತ್ತಿದ್ದರು ತಿಪ್ಪಣ್ಣ. "ಐವತ್ತು ನಿಮಿಷದ ದಾರಿ. ನಿನ್ನ ಕಾರಿಗೆ ಮೂರು ತಾಸು ಬೇಕು."

"ಆ ಐವತ್ತು ನಿಮಿಷದ ಹಿಂದ ಮುಂದ ಲೈನಿನ್ಯಾಗ ನಿಲ್ಲೂದು ಯಾರ ಲೆಕ್ಕಕ್ಕರೀ?"

ಸ್ಮಿತಾಳ ಕುಬುಸ, ಅಂದರೆ ನಮ್ಮ ಮೈಸೂರು ಕಡೆಯ ಸೀಮಂತ, ಅವಳ ಮನೆಯಲ್ಲಿ ಮುಗಿದ ಮರುದಿನ, ನಾವು ಊರಿಗೆ ಮರಳುವಾಗ, ಈ ಜಗಳ ಪಂದ್ಯಕ್ಕೆ ತಿರುಗಿತು. ಪೋರ್ಟ್‌ಲ್ಯಾಂಡ್ ಏರ್‌ಪೋರ್ಟಿನ ಬಾಗಿಲಿನಿಂದ ಸಿಯಾಟಲ್ ಏರ್‌ಪೋರ್ಟಿನ ಬಾಗಿಲಿಗೆ ಅವರು ವಿಮಾನದಲ್ಲಿ, ಇವರು ಕಾರಿನಲ್ಲಿ. ಗೌರಕ್ಕ ಗೆದ್ದರೆ ಇನ್ನು ಮೇಲೆ ಕೀ ಅವರದು. ಸಾಕ್ಷಿಯಾಗಿ ನಾನು ಪಕ್ಕದ ಸೀಟಿನಲ್ಲಿ ಕೂತೆ.

ಗೌರಕ್ಕ ಬಲಗಡೆಯ ಲೇನು ಬಿಡಲೇ ಇಲ್ಲ. ಲಾರಿಗಳೂ ನಮ್ಮನ್ನು ಹಿಂದೆ ಹಾಕಿ ಹೋದವು.

"ಸ್ವಲ್ಪ ಸ್ಪೀಡಾಗಿ ಹೋಗಿ ಗೌರಕ್ಕ, ಸೋತುಬಿಡ್ತೀವಿ," ಎಂದು ಅಂಗಲಾಚಿದೆ.

"ಮೊದಲ ನೆಟ್ಟಗ ಹೋಗಿ ಮುಟ್ಟೂಣು ವಸಂತಾ," ಎಂದವರು ದಾರಿಯಲ್ಲಿ ಕಾರು ನಿಲ್ಲಿಸಿ, ನೆಮ್ಮದಿಯಾಗಿ ರೊಟ್ಟಿ, ಶೇಂಗಾ ಚಟ್ನಿಯ ಗಂಟು ಬಿಚ್ಚಿದರು. ನನಗೆ ಅಳು ಬರುವುದೊಂದು ಬಾಕಿ. ರೊಟ್ಟಿ ಮಾತ್ರ ಎರಡು ತಿಂದೆ.

ಸಿಯಾಟಲ್ ತಲುಪಿದಾಗ ತಿಪ್ಪಣ್ಣ ಬಾಗಿಲಲ್ಲಿರಲಿಲ್ಲ. ಕಾರು ನಿಲ್ಲಿಸಿ ಬಂದು ಕಾದೆವು. ಬಹಳ ಹೊತ್ತಿನ ಮೇಲೆ ಬೆವರು ಒರೆಸಿಕೊಳ್ಳುತ್ತ ಬಂದವರು ಹೆಂಡತಿಯ ಮುಖವನ್ನೂ ನೋಡದೆ ಬ್ಯಾಗು ತೆರೆದು, ಬೀಗಿತ್ತಿ ಕೊಟ್ಟಿದ್ದ ಮಾವಿನ ಉಪ್ಪಿನಕಾಯಿಯ ಬಾಟಲಿ ಒಡೆದಿಲ್ಲವೆಂದು ಖಾತ್ರಿ ಮಾಡಿಕೊಂಡರು.

"ಕೈಚೀಲದಾಗ ಇದನ್ನ ಒಯ್ಯಂಗಿಲ್ಲಂತ, ಇಲ್ಲೇ ಬಿಟ್ಟು ಹೋಗು ಅಂದರು ಸೆಕ್ಯೂರಿಟಿಯವರು. ಇಂಥಾ ಉಪ್ಪಿನಕಾಯಿ ಹೆಂಗ ಬಿಡ್ಲಿ?"

ಬ್ಯಾಗನ್ನು ಲಗೇಜಿಗೆ ಹಾಕಲು ವಾಪಸು ಓಡಿದ್ದರು. ಅಷ್ಟರಲ್ಲಿ ಆ ವಿಮಾನಕ್ಕೆ ಲಗೇಜು ತೆಗೆದುಕೊಳ್ಳುವುದು ಮುಗಿದಿತ್ತು. ಮುಂದಿನ ವಿಮಾನಕ್ಕೆ ಬಂದಿದ್ದರು, ಹಟಕ್ಕೆ ಫೋನೂ ಮಾಡದೆ.

ಗೌರಕ್ಕ ಕೀಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ಹಿಂದಿನ ಸೀಟಿನಲ್ಲಿ ಕೂತ ತಿಪ್ಪಣ್ಣ, "ಇದೇನು ಗೆದ್ದಂಗಲ್ಲ" ಎಂದು ಮನೆ ಮುಟ್ಟುವವರೆಗೂ ಗೊಣಗಿದರು. ನಾನು ಮಾತ್ರ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ.

ಎರಡು ತಿಂಗಳ ಮೇಲೆ, ಒಂದು ಬೆಳಗ್ಗೆ, ಪಕ್ಕದ ಮನೆಯ ಕಾರಿನ ಹಾರ್ನ್ ಕೇಳಿ ಕಿಟಕಿಗೆ ಓಡಿದೆ. ಸ್ಮಿತಾಳ ಫೋನ್ ಬಂದಿತ್ತು. ತಿಪ್ಪಣ್ಣ ಒಳಗೆ ಕಂಪ್ಯೂಟರಿನಲ್ಲಿ ವಿಮಾನ ಹುಡುಕುತ್ತಿದ್ದರಂತೆ.

"ರೀ, ನಾ ಹೊಂಟೆ! ನೀವು ವಿಮಾನದಾಗ ಬರ್ತೀರೇನು?"

ಬೂಟು ಕೈಯಲ್ಲಿ ಹಿಡಿದು ಬರಿಗಾಲಲ್ಲಿ ಓಡಿ ಬಂದ ತಿಪ್ಪಣ್ಣ ಪಕ್ಕದ ಸೀಟಿನಲ್ಲಿ ಕೂತರು. ಮಧ್ಯಾಹ್ನ ಅವರೇ ಫೋನ್ ಮಾಡಿದರು.

"ಹೆಣ್ಣು ಕೂಸು ಹುಟ್ಟೇತ್ರಿ. ಹುಟ್ಟೂ ಮುಂದ ಅಕಿ ಮಗಳ ಬಾಜೂಕ ಇದ್ದಳು. ನನ್ನ ಮಾತು ಕೇಳಿದ್ರ ನಾವಿನ್ನೂ ಲೈನಿನ್ಯಾಗ ನಿಂತಿರ್ತಿದ್ವಿ."