ಇಲ್ಲದ ಸೆರಗು

ಐಗಳಿ ಎಂಬ ಈ ಊರಿಗೆ ಸೊಸೆಯಾಗಿ ಬಂದ ದಿನ ಜೀಪು ಇಳಿಯುವ ಮೊದಲೇ ಅತ್ತೆ ನನ್ನ ಸೆರಗನ್ನು ತಲೆಯ ಮೇಲೆ ಎಳೆದರು. ಜಗತ್ತಿನ ಎರಡೂ ಪಕ್ಕ ಒಮ್ಮೆಲೇ ಇಲ್ಲವಾದವು.

“ನಿಮ್ಮ ಮೈಸೂರಾಗ ಸೆರಗಿಗೆ ಅರಿವಿ ಸಾಲೂದಿಲ್ಲೇನ?” ಎಂದರು. ಅರಿವಿ ಎಂದರೆ ಬಟ್ಟೆ ಎಂಬುದೂ ನನಗೆ ಗೊತ್ತಿರಲಿಲ್ಲ.

ಎಂಬತ್ತರ ದಶಕದ ಮಾತು. ಮೈಸೂರಿನ ಕಾನ್ವೆಂಟಿನಲ್ಲಿ ಓದಿದವಳು ನಾನು. ಕೃಷಿ ಡಿಗ್ರಿಗೆಂದು ನಮ್ಮ ಕಡೆ ಬಂದಿದ್ದ ಇವರನ್ನು ಮದುವೆಯಾಗಿ ಅಥಣಿ ತಾಲ್ಲೂಕಿನ ಈ ದ್ರಾಕ್ಷಿ ತೋಟದ ಮನೆ ಸೇರಿದೆ. ಕಣ್ಣಿಗೆ ಮೈನಸ್ ಹದಿನಾಲ್ಕರ ಕನ್ನಡಕ. ಹೊರಡುವ ಮುನ್ನ ಡಾಕ್ಟರು ಎಚ್ಚರಿಸಿದ್ದರು: ಇಷ್ಟು ಪವರ್ ಇರುವವರ ರೆಟಿನಾ, ಅಂದರೆ ಕಣ್ಣೊಳಗಿನ ಹಿಂಪದರ, ಎಳೆದೆಳೆದು ತೆಳ್ಳಗಾಗಿರುತ್ತದೆ, ಕಳಚಿಬಿಡಬಹುದು; ಪಕ್ಕದಿಂದ ಕರ್ಟನ್ ಇಳಿದಂತೆ ಕತ್ತಲಾದರೆ ಅದೇ ದಿನ ಆಸ್ಪತ್ರೆಗೆ ಓಡಬೇಕು. ‘ಎಸ್ ಡಾಕ್ಟರ್’ ಎಂದು ಬಂದಿದ್ದೆ.

ಅಲ್ಲಿ ಫಿಲ್ಟರ್ ಕಾಫಿ, ಇಲ್ಲಿ ಪಾಕದಂಥ ಚಾ. ಅಲ್ಲಿ ಅತ್ತಿಗೆ, ಇಲ್ಲಿ ಮರಾಠಿಯಿಂದ ಬಂದ ‘ವೈನಿ’. ಅಲ್ಲಿ ಮಾತಿಗೊಂದು ‘ಕಣೇ’, ಇಲ್ಲಿ ‘ಬೇ’. ರೊಟ್ಟಿ ಬಡಿಯುವಾಗ ಕನ್ನಡಕಕ್ಕೆ ಹಬೆ ಹತ್ತಿ ಹಂಚೇ ಕಾಣುತ್ತಿರಲಿಲ್ಲ. ನನ್ನ ಮೊದಲ ದುಂಡನೆಯ ರೊಟ್ಟಿಯನ್ನು ಅತ್ತೆ ಏನೂ ಅನ್ನದೆ ತಿಂದರು. ದಟ್ ವಾಸ್ ಮೈ ಸರ್ಟಿಫಿಕೇಟ್. ಸೆರಗಿಗೂ ಒಗ್ಗಿದೆ, ಕಣ್ಣಂಚಿನಲ್ಲಿ ಸದಾ ತೂಗುವ ಅದರ ನೆರಳಿಗೂ.

ತೊಂಬತ್ತರ ಆಚೀಚೆ, ಬೇಸಿಗೆ. ಶೆಡ್ಡಿನಲ್ಲಿ ನಾನೂ ಅತ್ತೆಯೂ ಮಣೂಕದ, ಎಂದರೆ ಒಣದ್ರಾಕ್ಷಿಯ, ತೊಟ್ಟು ಬಿಡಿಸುತ್ತ ಕೂತಿದ್ದೆವು. ಕೆಲವು ದಿನಗಳಿಂದ ಎಡಗಡೆ ಸೆರಗು ಜಾರಿ ಜಾರಿ ಕಣ್ಣಿಗೆ ಅಡ್ಡ ಬರುತ್ತಿತ್ತು. ಸರಿಸಿದರೂ ಮತ್ತೆ ಬರುತ್ತಿತ್ತು.

“ಏನ್ ಬೇ, ನೊಣಾ ಹೊಡಿಯಾಕತ್ತಿಯೇನ?”

“ಸೆರಗು ಅತ್ತೆ. ನಿಲ್ಲೋದೇ ಇಲ್ಲ.”

ಅವರ ಕೈ ನಿಂತಿತು. “ಗಂಡಸರು ಯಾರೂ ಇಲ್ಲಂತ ಆಗಲೇ ಸೆರಗ ಸೊಂಟಕ್ಕ ಸಿಗಿಸಿಕೊಂಡೀಯಲ್ಲ. ತಲಿ ಮ್ಯಾಲ ಏನೂ ಇಲ್ಲ.”

ಮುಟ್ಟಿ ನೋಡಿಕೊಂಡೆ. ಬರೀ ಕೂದಲು. ಬಲಗಣ್ಣು ಮುಚ್ಚಿ ನೋಡಿದೆ. ಅತ್ತೆಯ ಮುಖದ ಅರ್ಧ ಇರಲಿಲ್ಲ. ಡಾಕ್ಟರ ಮಾತು ನೆನಪಾಯಿತು. ಹೆದರಿಕೆಯಾಗಬೇಕಿತ್ತು, ಆಗಲಿಲ್ಲ. ಈ ಬುಟ್ಟಿ ಮುಗಿಸಿ ಏಳಲೇ ಎಂದು ಕೇಳಿದೆ.

“ಬುಟ್ಟಿಗೆ ಬೆಂಕಿ ಹಚ್ಚು. ಏಳು ಮೊದಲ,” ಎಂದರು ಅತ್ತೆ.

ಅಂದೇ ಗಡಿಯಾಚೆ, ಮಹಾರಾಷ್ಟ್ರದ ಮಿರಜಿಗೆ ಕರೆದೊಯ್ದರು. ಅಲ್ಲಿಯ ಡಾಕ್ಟರು ಕಣ್ಣಿಗೆ ಲೈಟು ಬಿಟ್ಟು, “ಉಶೀರ್ ಝಾಲಾ,” ಎಂದರು. ತಡವಾಯಿತು ಎಂದರ್ಥ. ಆ ಮರಾಠಿ ನನಗೆ ಅರ್ಥವಾಯಿತು ಎಂಬುದಷ್ಟೇ ಆಗ ತಲೆಗೆ ಹೊಳೆದದ್ದು. ಆಪರೇಷನ್ ಆಯಿತು. ಎಡಗಣ್ಣಿನ ಅರ್ಧ ಮರಳಿ ಬರಲಿಲ್ಲ.

ಊರಿಗೆ ಮರಳಿದಾಗ ಬಾಗಿಲಲ್ಲಿ ಅಭ್ಯಾಸದಂತೆ ಸೆರಗು ಎಳೆದುಕೊಂಡೆ. ಅತ್ತೆಯೇ ಅದನ್ನು ಹಿಂದಕ್ಕೆ ಸರಿಸಿದರು.

“ಇನ್ನ ಇದು ಬ್ಯಾಡ. ಮಂದಿ ಏನರ ಅಂದ್ರ ನಾ ಅದೀನಿ. ಉಳದಷ್ಟರ ಕಾಣ್ಲಿ.”

ಅಂದಿನಿಂದ ಓಣಿಯ ಸೊಸೆಯರಲ್ಲಿ ಬರಿತಲೆಯವಳು ನಾನೊಬ್ಬಳೇ. ನನ್ನನ್ನು ‘ಮೈಸೂರಾಕಿ’ ಎನ್ನುವುದನ್ನು ಊರವರು ಇನ್ನೂ ಬಿಟ್ಟಿಲ್ಲ.

ಮೈಸೂರಿಗೆ ಬಂದರೆ ತವರಿನ ನೀವೆಲ್ಲ ಬರಿತಲೆಯವರೇ. ನಿಮ್ಮ ನಡುವೆ ಕೂತು ಕಾಫಿ ಕುಡಿಯುವಾಗ ನನ್ನ ಎಡಗೈ ತಾನಾಗಿ ಎದ್ದು ಇಲ್ಲದ ಸೆರಗನ್ನು ಸರಿಸುತ್ತದೆ. ಏನಾಯಿತು ಎಂದು ತಂಗಿ ಕೇಳುತ್ತಾಳೆ.

“ಏನಿಲ್ಲ ಬೇ,” ಎನ್ನುತ್ತೇನೆ. ಅವಳು ನನ್ನನ್ನೇ ನೋಡುತ್ತಾಳೆ.