ಮಾವಿನಕುರ್ವೆಯ ಬಲೆ, ಆಲ್ಬರ್ಟಾದ ಪಾಲು

ತಿಂಗಳ ಹಿಂದೆ ಒಂದು ಭಾನುವಾರ ಕೆನಡಾ ಎರಡು ಹೋಳಾಯಿತು. ಪೇಪರಿನಲ್ಲಿ ಬರಲಿಲ್ಲವಲ್ಲ ಅಂತೀರಾ? ಬರುವುದೂ ಇಲ್ಲ. ಹೋಳಾದದ್ದು ಕೆನಡಾದಲ್ಲಲ್ಲ. ನನ್ನ ತವರು ಮಾವಿನಕುರ್ವೆಯವರು ಬಲೆ ಕೂಡಿಸುವ ಮರಳ ದಂಡೆಯ ಮೇಲೆ, ಬೆಳಗಿನ ಚಾ ಹೊತ್ತಿನಲ್ಲಿ, ನನ್ನ ಕಣ್ಣೆದುರಿಗೇ.

ನಗಬೇಡಿ. ಮೊದಲು ನಾನೂ ನಕ್ಕಿದ್ದೆ.

ಕುಮಟೆಯಲ್ಲಿ ಟೀಚರಾಗಿ, ಹೊಳನಗದ್ದೆಯಲ್ಲಿ ಮನೆ ಮಾಡಿಕೊಂಡಿದ್ದರೂ ನಾನು ಮೀನುಗಾರರ ಮಗಳು ಎಂಬುದು ಈ ಅಂಕಣ ಓದುವವರಿಗೆ ಗೊತ್ತಿರುವುದೇ. ಬಂಗಡೆ ವಿಚಾರ ಬರೆಯದೆ ಒಂದು ತಿಂಗಳು ಕಳೆದದ್ದಿಲ್ಲ ನಾನು. ಆದರೆ ರಂಪಣಿ ಬಲೆಯ ಬಗ್ಗೆ ಬರೆದಿಲ್ಲ. ಈಗ ಬರೆಯದಿದ್ದರೆ ಇನ್ನು ಬರೆಯಲು ಏನೂ ಉಳಿಯುವುದಿಲ್ಲವೇನೋ.

ರಂಪಣಿ ಅಂದರೆ ದಂಡೆಯಿಂದ ಎಳೆಯುವ ದೊಡ್ಡ ಬಲೆ. ದೋಣಿಯಲ್ಲಿ ಒಯ್ದು ಕಡಲಿನಲ್ಲಿ ಅರ್ಧಚಂದ್ರದ ಹಾಗೆ ಬಿಡುತ್ತಾರೆ. ಎರಡು ತುದಿಯ ಎರಡು ಹಗ್ಗ ದಂಡೆಗೆ ಬರುತ್ತವೆ. ಒಂದು ಹಗ್ಗಕ್ಕೆ ಒಂದು ಗುಂಪು, ಇನ್ನೊಂದಕ್ಕೆ ಇನ್ನೊಂದು. ಎಳೆಯುತ್ತಾ ಎಳೆಯುತ್ತಾ ಎರಡೂ ಗುಂಪು ಒಂದರ ಹತ್ತಿರ ಒಂದು ಸರಿಯಬೇಕು. ಕೊನೆಗೆ ಭುಜಕ್ಕೆ ಭುಜ ತಾಗುವಷ್ಟು ಹತ್ತಿರ ಬಂದಾಗಲೇ ಮೀನು ಮೇಲೆ ಬರುವುದು.

ಈ ಬಲೆ ಒಬ್ಬರದ್ದಲ್ಲ. ಒಂದೊಂದು ಮನೆಯದ್ದೂ ಒಂದೊಂದು ತುಂಡು. ಮಳೆಗಾಲದಲ್ಲಿ ತುಂಡುಗಳು ಅವರವರ ಮನೆಯ ಜಂತಿಯಲ್ಲಿ ನೇತಾಡುತ್ತವೆ. ನೂಲ ಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಬಿಟ್ಟ ಮೇಲೆ ಒಂದು ದಿನ ಎಲ್ಲರೂ ತಂತಮ್ಮ ತುಂಡು ಹೊತ್ತು ದಂಡೆಗೆ ಬಂದು, ಕೂತು, ಹೊಲಿದು, ಒಂದು ಬಲೆ ಮಾಡುತ್ತಾರೆ. ಅದೇ ಬಲೆ ಕೂಡಿಸುವ ದಿನ. ಆ ದಿನದ ಅವಲಕ್ಕಿ ರುಚಿ ಮದುವೆ ಊಟಕ್ಕೂ ಇಲ್ಲ.

ಇನ್ನು ಪಾಲು. ಬಲೆಯಲ್ಲಿ ತುಂಡು ಇದ್ದ ಮನೆಗೆಲ್ಲ ಮೀನಿನ ಪಾಲು ಉಂಟು. ಎಳೆಯಲು ಆ ಮನೆಯಲ್ಲಿ ಗಂಡಸು ಇರಲಿ, ಇಲ್ಲದಿರಲಿ. ಇದನ್ನು ಯಾರೂ ಎಲ್ಲೂ ಬರೆದಿಟ್ಟಿಲ್ಲ. ಬರೆದಿಡಬೇಕು ಎಂದು ಯಾರಿಗೂ ಅನ್ನಿಸಿರಲೂ ಇಲ್ಲ.

ಹಾಗೆ ಪಾಲು ಪಡೆಯುವವಳು ಮಾದೇವಿ ಚಿಕ್ಕಮ್ಮ. ನನ್ನ ರಕ್ತಸಂಬಂಧಿ ಅಲ್ಲ, ಆದರೆ ಇಡೀ ಕೇರಿಗೇ ಚಿಕ್ಕಮ್ಮ. ಗಂಡ ತೀರಿ ಎಷ್ಟೋ ಕಾಲವಾಯಿತು, ಮಕ್ಕಳಿಲ್ಲ. ಅವಳ ಪಾಲಿನ ಮೀನನ್ನು ಅವಳೇ ಬುಟ್ಟಿ ತುಂಬಿಕೊಂಡು ಹೊನ್ನಾವರದ ಪೇಟೆಗೆ ಒಯ್ಯುತ್ತಾಳೆ. ಉಳಿದದ್ದನ್ನು ಒಣಗಿಸಿ ಮಳೆಗಾಲಕ್ಕೆ ಇಡುತ್ತಾಳೆ. ಅವಳ ಸಂಸಾರ ನಡೆಯುವುದೇ ಅದರ ಮೇಲೆ.

ಈಗ ಕೆನಡಾಕ್ಕೆ ಬರುತ್ತೇನೆ.

ನಮ್ಮ ಕೇರಿಯ ಇಬ್ಬರು ಅಲ್ಲಿದ್ದಾರೆ. ವಸಂತ ಮತ್ತು ಸುರೇಶ. ಚಡ್ಡಿ ದೋಸ್ತಿಗಳು. ಒಂದೇ ಹಗ್ಗಕ್ಕೆ ಕೈ ಹಾಕಿ ಬೆಳೆದವರು. ಮೊದಲು ಇಬ್ಬರೂ ಗಲ್ಫಿಗೆ ಹೋದರು. ಅಲ್ಲಿಂದ ವಸಂತ ಕೆನಡಾದ ಪಶ್ಚಿಮದ ಆಲ್ಬರ್ಟಾ ಪ್ರಾಂತ್ಯಕ್ಕೆ ಹೋಗಿ ಎಣ್ಣೆ ಕಂಪನಿಯೊಂದರಲ್ಲಿ ವೆಲ್ಡರ್ ಆದ. ಸುರೇಶ ಪೂರ್ವದ ಒಂಟಾರಿಯೋದಲ್ಲಿ ಆಸ್ಪತ್ರೆಯೊಂದರ ಅಡುಗೆಮನೆ ಸೇರಿದ. ಇಬ್ಬರ ನಡುವೆ ಮೂರು ಸಾವಿರ ಕಿಲೋಮೀಟರಿನಷ್ಟು ದೂರ. ಇಬ್ಬರನ್ನೂ ಸೇರಿಸಿದ್ದು ನಮ್ಮ 'ಬಲೆ ಮನೆಯವರು' ಎಂಬ ವಾಟ್ಸಾಪ್ ಗ್ರೂಪು. (ಬಲೆ ಯಾವ ದಿನ ಬಿಡುವುದು ಎಂದು ತಿಳಿಸಲು ಮಾಡಿದ ಗ್ರೂಪು ಅದು. ಬಲೆಯ ಸುದ್ದಿಯೊಂದು ಬಿಟ್ಟು ಮತ್ತೆಲ್ಲವೂ ಅಲ್ಲಿ ಬರುತ್ತದೆ.)

ವಸಂತ ಮೊದಲು ಹಾಕಿದ್ದು ಒಂದು ವಿಡಿಯೋ. ಆಲ್ಬರ್ಟಾ ಬೇರೆ ದೇಶ ಆಗಬೇಕು ಎನ್ನುವವರ ಮೆರವಣಿಗೆ. ಕೆಳಗೆ ಅವನ ವಾಯ್ಸ್ ಮೆಸೇಜು: "ಎಣ್ಣೆ ತೆಗೆಯುದು ನಾವು. ಟ್ಯಾಕ್ಸ್ ಕಟ್ಟುದು ನಾವು. ಒಟ್ಟಾವಾದಲ್ಲಿ ಕೂತ್ಕಂಡವ್ರು ಅದ್ನ ತಕಂಡೋಗಿ ದುಡಿಯದೇ ಇದ್ದ ಪ್ರಾಂತ್ಯಕ್ಕೆ ಹಂಚುದು. ಇದೆಂತ ನ್ಯಾಯ ಮಾರಾಯ್ರೆ?"

ಸುರೇಶ ಬಿಟ್ಟಾನೆಯೇ? "ಎಣ್ಣೆ ಎಂತ ನಿನ್ನ ಅಜ್ಜ ಹೂತಿಟ್ಟದ್ದಾ? ದೇಶ ಹೇಳಿದ್ಮೇಲೆ ಇದ್ದವ್ರು ಇಲ್ಲದವ್ರಿಗೆ ಕೊಡುಕೇ ಬೇಕು. ನಾಳೆ ಎಣ್ಣೆ ರೇಟು ಬಿದ್ರೆ ನೀ ಯಾರ ಹತ್ರ ಹೋತೆ?"

ಶುರುವಾಯಿತು. ನೀಲಿ ಪಕ್ಷ, ಕೆಂಪು ಪಕ್ಷ, ಕಾರ್ಬನ್ ಟ್ಯಾಕ್ಸು, ಪೈಪ್‌ಲೈನು. ಅಲ್ಲಿ ಹಗಲಾದರೆ ಇಲ್ಲಿ ರಾತ್ರಿ, ಆದರೂ ಜಗಳಕ್ಕೆ ನಿದ್ದೆಯಿಲ್ಲ. ಆರು ತಿಂಗಳಲ್ಲಿ ನಮ್ಮ ಕೇರಿಯಲ್ಲಿ ಆಲ್ಬರ್ಟಾದ ಹೆಸರು ಕೇಳದ ಮನೆಯಿಲ್ಲ. ನಮ್ಮ ತಾಲೂಕು ಪಂಚಾಯ್ತಿ ಕಚೇರಿ ಯಾವ ಓಣಿಯಲ್ಲಿದೆ ಎಂದು ಗೊತ್ತಿಲ್ಲದವರೂ 'ಈಕ್ವಲೈಸೇಶನ್ ಸರಿಯಿಲ್ಲ' ಎನ್ನತೊಡಗಿದರು. (ಕೇಂದ್ರದ ತೆರಿಗೆಯಲ್ಲಿ ಬಡ ಪ್ರಾಂತ್ಯಗಳಿಗೆ ಹೆಚ್ಚು ಪಾಲು ಕೊಡುವುದಕ್ಕೆ ಅಲ್ಲಿ ಇಟ್ಟ ಹೆಸರು ಅದು.) ಬಂದರಿನ ಚಾ ಅಂಗಡಿಯಲ್ಲಿ ಒಬ್ಬ ಮೇಜು ಗುದ್ದಿ ಕೇಳಿದನಂತೆ: "ಶರಾವತಿ ನಮ್ಮ ಹೊಳೆ. ಗೇರುಸೊಪ್ಪದ ಕರೆಂಟು ಎಲ್ಲೆಲ್ಲಿಗೋ ಹೋತದೆ. ಹಂಗಾರೆ ನಾವೂ ಬೇರೆ ಆಗುಕಾಗ್ದಾ?" (ಅವನು ಹಾಗೆ ಕೇಳುವ ಹೊತ್ತಿಗೆ ಅಂಗಡಿಯಲ್ಲಿ ಕರೆಂಟು ಇರಲಿಲ್ಲ.)

ಅಲ್ಲಿಯವರೆಗೆ ಇದು ನಗೆಯ ವಿಷಯವೇ. ಎಷ್ಟೆಂದರೂ ನಾವು ಜಗಳಕ್ಕೆ ಜಗತ್ತನ್ನೇ ಎರವಲು ತರುವ ಜನ. ಆದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎನ್ನುತ್ತಾರಲ್ಲ, ಬರೆ ಎಳೆಯಲು ಕಬ್ಬಿಣ ಕಾಯುತ್ತಿದೆ ಎಂದು ನನಗೆ ತಿಳಿಯಲಿಲ್ಲ.

ವಸಂತನ ಅಣ್ಣ ಮೋಹನ ಊರಲ್ಲೇ ಇರುವವನು. ಅವನೂ, ಅವನ ಬೆಳೆದ ಇಬ್ಬರು ಮಕ್ಕಳೂ ರಂಪಣಿ ಎಳೆಯುತ್ತಾರೆ. ಕಷ್ಟಜೀವಿ, ಕೆಟ್ಟವನಲ್ಲ. ಅವನು ನೂಲ ಹುಣ್ಣಿಮೆಯ ಮರುದಿನ ಗ್ರೂಪಿನಲ್ಲಿ ಒಂದು ಪ್ರಶ್ನೆ ಹಾಕಿದ: "ನಮ್ಮನೆಯಿಂದ ಮೂರು ಜನ ಎಳೀತ್ರು. ಮಾದೇವಿ ಚಿಕ್ಕಮ್ಮನ ಮನೆಯಿಂದ ಯಾರು ಎಳೀತ್ರು? ಇದೂ ಈಕ್ವಲೈಸೇಶನ್ನೇ ಅಲ್ದಾ?"

ಆ ಮೆಸೇಜಿಗೆ ಒಪ್ಪಿಗೆಯ ಹೆಬ್ಬೆಟ್ಟುಗಳು ಸಾಲಾಗಿ ಬಿದ್ದವು. ಮಾದೇವಿ ಚಿಕ್ಕಮ್ಮ ಕೊಟ್ಟ ಒಣಮೀನು ಸುಟ್ಟುಕೊಂಡು ಗಂಜಿ ಉಂಡ ಕೈಯ ಹೆಬ್ಬೆಟ್ಟುಗಳವು!

ಬಲೆ ಕೂಡಿಸುವ ಭಾನುವಾರ ನಾನು ಬೆಳಗಿನ ಬಸ್ಸಿಗೇ ಹೊರಟೆ. ದಂಡೆ ಮುಟ್ಟಿದಾಗ ಕಂಡದ್ದು ಎರಡು ರಾಶಿ. ಬಲೆಯ ತುಂಡುಗಳು ಅಲ್ಲೊಂದು ಗುಡ್ಡೆ, ಇಲ್ಲೊಂದು ಗುಡ್ಡೆ. ಮೋಹನನ ಕಡೆಯವರು ಅಲ್ಲಿ, ಬಲೆಯ ಯಜಮಾನಿಕೆ ನೋಡುವ ನನ್ನ ಅಣ್ಣ ಗಣಪತಿಯ ಕಡೆಯವರು ಇಲ್ಲಿ. ಸೂಜಿ, ನೂಲು ಎರಡೂ ಕಡೆ ಇತ್ತು. ಹೊಲಿಯುವವರು ಮಾತ್ರ ಎದ್ದು ನಿಂತಿದ್ದರು.

"ಗಣಪತಣ್ಣ, ನಾವು ಜಗಳಕ್ಕೆ ಬಂದವ್ರಲ್ಲ" ಎಂದ ಮೋಹನ. "ಎಳೆದವ್ರಿಗೆ ಮಾತ್ರ ಪಾಲು ಹೇಳಿ ಮಾಡು. ಆತು ಅನ್ನು, ಈಗ್ಲೇ ಕೂತು ಹೊಲೀತ್ರು ನಮ್ಮವ್ರು."

"ಮೋಹನಾ, ಅವ್ಳ ಗಂಡ ಇದೇ ಹಗ್ಗ ಎಳೆದವ ಅಲ್ಲನಾ? ನಿನ್ನ ಅಪ್ಪ ಹಾಸಿಗೆ ಹಿಡಿದಾಗ ನಿಮ್ಮನೆಗೆ ಪಾಲು ನಿಂತಿತ್ತಾ?"

"ಅದು ಅಂದಿನ ಕತೆ. ಅಂದು ಮೀನಿತ್ತು."

ಮೋಹನನ ಮಾತಲ್ಲಿ ಸತ್ಯ ಇಲ್ಲದಿಲ್ಲ. ಅದೇ ನನ್ನ ಸಂಕಟ. ದೊಡ್ಡ ಬೋಟುಗಳು ರಾತ್ರಿ ದೀಪ ಹಾಕಿ ಸೆಳೆದು ಆಚೆಯ ಕಡಲಲ್ಲೇ ಮೀನನ್ನು ಬಾಚಿಕೊಂಡು ಹೋಗುತ್ತವೆ. ದಂಡೆಗೆ ಬರುವುದು ಅವುಗಳ ಕಣ್ಣು ತಪ್ಪಿಸಿ ಬಂದದ್ದು. ಪಾಲು ಸಣ್ಣದಾದಾಗ ಪಕ್ಕದವರ ಪಾಲು ದೊಡ್ಡದಾಗಿ ಕಾಣುತ್ತದೆ. ಆದರೆ ದೀಪದ ಬೋಟಿನವರನ್ನು ಕೇಳುವ ಧೈರ್ಯ ಯಾರಿಗಿದೆ? ಮಾದೇವಿ ಚಿಕ್ಕಮ್ಮನನ್ನು ಕೇಳುವುದು ಸುಲಭ.

ಮೋಹನ ನನ್ನತ್ತ ತಿರುಗಿದ. "ಅಕ್ಕಾ, ನೀನು ಪೇಪರಿಗೆ ಬರಿಯುವವಳು. ನೀನೇ ಹೇಳು. ಆಲ್ಬರ್ಟಾದವ್ರು ಹೇಳುದು ಸರಿಯೋ ತಪ್ಪೋ?"

ನಾನು ಗೊತ್ತಿದ್ದಷ್ಟು ಹೇಳಿದೆ. ಆಲ್ಬರ್ಟಾ ಚೆಕ್ ಬರೆದು ಯಾರಿಗೂ ಕಳಿಸುವುದಿಲ್ಲ, ದೇಶದ ಎಲ್ಲರಿಗೂ ಒಂದೇ ದರದ ಕೇಂದ್ರ ತೆರಿಗೆ, ಅಲ್ಲಿ ಸಂಬಳ ಹೆಚ್ಚಾದ್ದರಿಂದ ಹೆಚ್ಚು ಹೋಗುತ್ತದೆ, ಆದರೆ ತಮ್ಮ ಮಾತಿಗೆ ಬೆಲೆಯಿಲ್ಲ ಎಂಬ ಅವರ ಸಿಟ್ಟೂ ಸುಳ್ಳಲ್ಲ, ಹಾಗಂತ ಅಲ್ಲಿಯ ಎಲ್ಲರಿಗೂ ಬೇರೆಯಾಗುವುದು ಬೇಕಿಲ್ಲ... ಮುಗಿಸುವಷ್ಟರಲ್ಲಿ ಅರ್ಧ ಜನ ಮೊಬೈಲು ನೋಡುತ್ತಿದ್ದರು. ಉಳಿದವರು 'ಇವಳು ಯಾವ ಕಡೆ?' ಎಂಬಂತೆ ನನ್ನನ್ನು ನೋಡುತ್ತಿದ್ದರು. ಯಾವುದೋ ಒಂದು ಕಡೆಗೆ ಸೇರದ ಮಾತನ್ನು ಈಗ ಯಾರು ಕೇಳುತ್ತಾರೆ?

ಅಷ್ಟು ಹೊತ್ತಿಗೆ ಮಾದೇವಿ ಚಿಕ್ಕಮ್ಮ ಬಂದಳು. ತಲೆಯ ಮೇಲೆ ಅವಳ ಬಲೆಯ ತುಂಡು. ತೊಳೆದು, ಒಣಗಿಸಿ, ಹರಿದಲ್ಲಿ ಹೊಸ ನೂಲು ಹಾಕಿ ಕಟ್ಟಿ ತಂದಿದ್ದಳು. ಅವಳ ಹತ್ತಿರ ಮೊಬೈಲಿಲ್ಲ. ಗ್ರೂಪಿನ ವಿಷಯ ಗೊತ್ತಿಲ್ಲ. ಎರಡು ರಾಶಿ ನೋಡಿ ನಿಂತಳು.

"ಎಂತ ಆತು?" ಎಂದಳು.

ಎಲ್ಲರ ಪರವಾಗಿ ಇಷ್ಟು ಹೊತ್ತು ಗಂಟಲು ಹರಿದುಕೊಂಡವರು ಮರಳು ನೋಡುತ್ತಿದ್ದರು. ಕೊನೆಗೆ ಅಣ್ಣನೇ ಹೇಳಿದ. ಪಾಲಿನ ಮಾತು, ಎಳೆಯುವವರ ಮಾತು. ಕೆನಡಾದ ಹೆಸರು ಅವನು ಎತ್ತಲಿಲ್ಲ. ಎತ್ತಿದ್ದರೆ ಅವಳಿಗೆ ಹೇಗೆ ವಿವರಿಸುವುದು?

"ನಿಂದು ನಮ್ಮ ಬಲೆಗೆ ಹಾಕ್ತೆ ಚಿಕ್ಕಮ್ಮ. ಕೊಡಿಲ್ಲಿ" ಎಂದು ಅಣ್ಣ ಕೈ ಚಾಚಿದ.

ಅವಳು ಕೊಡಲಿಲ್ಲ. "ನಮ್ಮ ಬಲೆ ಅಂದ್ರೆ ಯಾವ್ದಾ ಗಣಪತಿ? ನಾನು ಈ ಕೇರಿಗೆ ಬಂದಾಗಿಂದ ಇಲ್ಲಿದ್ದದ್ದು ಒಂದೇ ಬಲೆ. ನನ್ನ ದೆಸೆಯಿಂದ ಎರಡಾತು ಹೇಳಿ ಆಗುದು ಬೇಡ. ಎರಡೂ ಕೂಡಿಸಿದ ದಿವ್ಸ ಕರೀರಿ, ತಕಂಡ್ ಬತ್ತೆ." ತುಂಡನ್ನು ಮತ್ತೆ ತಲೆಗೇರಿಸಿಕೊಂಡು ಹೋದಳು. ಯಾರೂ ತಡೆಯಲಿಲ್ಲ. ಮೋಹನನೂ ತಡೆಯಲಿಲ್ಲ, ಅಣ್ಣನೂ ತಡೆಯಲಿಲ್ಲ. ನಾನು ಅವಳ ಹಿಂದೆ ಸ್ವಲ್ಪ ದೂರ ಹೋಗಿ ಮರಳಿದೆ.

ಆ ದಿನ ಎರಡು ಬಲೆ ಹೊಲಿದರು. ಇದ್ದ ಒಂದೇ ಬಲೆಯನ್ನು ಎರಡು ಮಾಡಿ 'ನಂದು ಅರ್ಧ, ನಿಂದು ಅರ್ಧ' ಎಂದು ಹಂಚಿಕೊಂಡ ಬುದ್ಧಿವಂತರನ್ನು ಬೇರೆಲ್ಲಾದರೂ ನೋಡಿದ್ದೀರಾ? ರಂಪಣಿ ಇರುವುದೇ ಸುತ್ತುವರಿಯಲಿಕ್ಕೆ. ಅರ್ಧ ಬಲೆ ಎಷ್ಟು ಸುತ್ತೀತು? ಬಲೆ ಬಿಟ್ಟ ಮೊದಲ ದಿನ ಬಂಗಡೆ ಹಿಂಡು ಬಂತು. ನೀರು ಕಪ್ಪಾದದ್ದು ದಂಡೆಯಿಂದಲೇ ಕಾಣುತ್ತಿತ್ತಂತೆ. ಒಬ್ಬರು ಬಲೆ ಬಿಟ್ಟಾಗ ಹಿಂಡು ತುದಿ ದಾಟಿ ಸರಿಯಿತು. ಇನ್ನೊಬ್ಬರು ಬಿಟ್ಟಾಗ ಅತ್ತಲಿಂದ ಹೋಯಿತು. ಕೊನೆಗೆ ಎರಡೂ ಬಲೆಯಲ್ಲಿ ಬಂದದ್ದು ಒಂದಿಷ್ಟು ಸಣ್ಣ ತಾರ್ಲೆ ಮೀನು, ಉಳಿದಂತೆ ಪ್ಲಾಸ್ಟಿಕ್ಕು. ಪ್ರತಿವರ್ಷ ಮೊದಲ ಮೀನಿಗೆ ಭಟ್ಕಳದಿಂದ ಟೆಂಪೋ ತರುವ ವ್ಯಾಪಾರಿ ಖಾಲಿ ಗಾಡಿಯಲ್ಲಿ ಮರಳಿದ. ಹೋಗುವಾಗ ಅಣ್ಣನಿಗೆ, "ನಿಮ್ದು ಬಲೆ ಎರಡು ಆಗಿದೆ ಅಂತ ಮೊದ್ಲೇ ಫೋನ್ ಮಾಡಿ ಹೇಳ್ಬಾರ್ದಾ ಭಾಯಿ, ಡೀಸೆಲ್ ಆದ್ರೂ ಉಳೀತಿತ್ತು" ಎಂದನಂತೆ.

ಇಷ್ಟಕ್ಕೇ ಮುಗಿದಿದ್ದರೆ ನಾನು ಈ ಅಂಕಣ ಬರೆಯುತ್ತಿರಲಿಲ್ಲ. ಕಳೆದ ವಾರ ಗ್ರೂಪಿನಲ್ಲಿ ಒಂದು ಫೋಟೋ ಬಂತು. ಒಂಟಾರಿಯೋದ ಟೊರೊಂಟೋದಲ್ಲಿ ಸುರೇಶನ ಮನೆ. ಮಗಳ ಹುಟ್ಟುಹಬ್ಬ. ವಸಂತ ವಿಮಾನ ಹತ್ತಿ ಬಂದಿದ್ದಾನೆ. ಇಬ್ಬರೂ ಹೆಗಲ ಮೇಲೆ ಕೈ ಹಾಕಿಕೊಂಡು ನಿಂತಿದ್ದಾರೆ. ಎದುರಿಗೆ ಒಂದೇ ತಟ್ಟೆ. ತಟ್ಟೆಯಲ್ಲಿ ಹುರಿದ ಬಂಗಡೆ. ಯಾವುದೋ ಅಂಗಡಿಯ ಐಸ್ ಬಂಗಡೆಯಂತೆ.

ನಾನು ವಸಂತನಿಗೆ ಫೋನು ಮಾಡಿದೆ. ಸಿಟ್ಟು ತಡೆಯಲಾಗಲಿಲ್ಲ. "ಆಲ್ಬರ್ಟಾ ಎಂತಾತಾ?"

"ಅಯ್ಯೋ ಅಕ್ಕಾ" ಎಂದು ನಕ್ಕ. "ಅದು ನಡೀತಾ ಇರ್ತದೆ. ನಾವು ಅದ್ನ ಮಾತಾಡುದು ಟೈಂಪಾಸಿಗೆ. ನಮ್ಮ ದೋಸ್ತಿಗೂ ಅದ್ಕೂ ಎಂತ ಸಂಬಂಧ?"

ಬಲೆಯ ವಿಷಯ ಹೇಳಿದೆ. ನಗು ನಿಂತಿತು. ಅವನಿಗೆ ಗೊತ್ತೇ ಇರಲಿಲ್ಲ. ಹೆಬ್ಬೆಟ್ಟು ಒತ್ತಿದ್ದು ನೆನಪಿತ್ತು, ಏತಕ್ಕೆ ಎಂಬುದು ನೆನಪಿರಲಿಲ್ಲ. "ಅಣ್ಣಂಗೆ ಈಗ್ಲೇ ಹೇಳ್ತೆ ಅಕ್ಕಾ" ಎಂದ. ಹೇಳಿದ್ದಾನೆ ಕೂಡ. ಮೋಹನ ಕೊಟ್ಟ ಉತ್ತರವನ್ನು ಅವನೇ ನನಗೆ ತಿಳಿಸಿದ: "ನೀನು ಅಲ್ಲಿ ಇದ್ದವ. ಇಲ್ಲಿದು ನಿಂಗೆಂತ ಗೊತ್ತು? ಈಗ ಹಿಂದೆ ಸರದ್ರೆ ನಾನು ಕೇರಿಯಲ್ಲಿ ತಲೆ ಎತ್ತಿ ನಡೆಯುದು ಹೆಂಗೆ?"

ಹಚ್ಚಿದವರು ಊದಿ ಆರಿಸಿಕೊಂಡು ಹಬ್ಬ ಮಾಡಿದರು. ಕಿಡಿ ಬಿದ್ದ ಕಡೆ ಉರಿಯುತ್ತಲೇ ಇದೆ. ಇದನ್ನು ಆರಿಸುವ ಬಗೆ ನನಗೆ ಗೊತ್ತಿಲ್ಲ. ಗೊತ್ತಿದೆ ಎಂದು ಸುಳ್ಳು ಹೇಳಿ ಅಂಕಣ ಮುಗಿಸುವ ಮನಸ್ಸೂ ಇಲ್ಲ. ಅಣ್ಣ ಮೊದಲ ಬಾರಿಗೆ, "ಮುಂದಿನ ವರ್ಷ ಬಲೆ ಮಾರುವನಾ ತಂಗಿ?" ಎಂದು ಕೇಳಿದ. ಕೊಳ್ಳುವವರು ಯಾರು ಎಂದು ನಾನು ಕೇಳಲಿಲ್ಲ.

ಮೊನ್ನೆ ಮಾದೇವಿ ಚಿಕ್ಕಮ್ಮನ ಮನೆಗೆ ಹೋಗಿದ್ದೆ. ಈ ಹೊತ್ತಿಗೆ ಅಂಗಳದ ತುಂಬ ಮೀನು ಒಣಗಬೇಕಿತ್ತು. ಚಾಪೆ ಸುತ್ತಿ ಮೂಲೆಗಿಟ್ಟಿದ್ದಳು. ಈಗ ಬೆಳಿಗ್ಗೆ ಎದ್ದು ಬಂದರಿಗೆ ಹೋಗಿ ಬೇರೆಯವರ ಸಿಗಡಿ ಸುಲಿಯುತ್ತಾಳೆ. ಬೆರಳ ತುದಿಗಳು ಬೆಳ್ಳಗೆ ಸುಕ್ಕುಗಟ್ಟಿದ್ದವು. ನನಗೆ ಚಾ ಕೊಟ್ಟಳು, ನನ್ನ ಮಕ್ಕಳನ್ನು ವಿಚಾರಿಸಿದಳು, ಯಾರನ್ನೂ ಬೈಯಲಿಲ್ಲ. ಬೈದಿದ್ದರೆ ನನಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ.

ಹೊರಡುವಾಗ ತಲೆ ಎತ್ತಿ ನೋಡಿದೆ. ಅವಳ ಬಲೆಯ ತುಂಡು ಜಂತಿಯಲ್ಲಿ ನೇತಾಡುತ್ತಿತ್ತು, ಕರೆದರೆ ಇಳಿಸಿ ಒಯ್ಯಲು ಸಿದ್ಧವಾಗಿ. ಕೆನಡಾ ಈಗಲೂ ಒಂದೇ ದೇಶ. ಮಾವಿನಕುರ್ವೆಯ ಈ ಒಂದು ತುಂಡನ್ನು ಯಾವ ದೇಶಕ್ಕೆ ಹೊಲಿಯೋಣ, ನೀವೇ ಹೇಳಿ?