ಫಳಫಳಮ್ಮನ ಹಿತ್ತಾಳೆ ಬಿಲ್ಲೆ

ಅವಳು ಮುಟ್ಟಿದ್ದೆಲ್ಲ ಹೊಳೆಯುತ್ತಿತ್ತು. ಅದಕ್ಕೇ ಬೀದಿಯವರು ಅವಳನ್ನು ಫಳಫಳಮ್ಮ ಎಂದು ಕರೆಯುತ್ತಿದ್ದರು. ಡಾಕ್ಟರಮ್ಮನ ಮನೆಗೆ ಕೆಲಸಕ್ಕೆ ಸೇರಿದಾಗ ಅವಳಿಗಿನ್ನೂ ಮದುವೆಯಾಗಿರಲಿಲ್ಲ. ಈಗ ಮೊಮ್ಮಗಳು ಶಾಲೆಗೆ ಹೋಗುತ್ತಾಳೆ. ಆ ಮನೆಯ ಕಿಟಕಿ, ಬಾಗಿಲ ಹಿಡಿ, ಔಷಧಿಯ ಬೀರು ಎಲ್ಲವೂ ಇಷ್ಟು ವರ್ಷ ಅವಳ ಕೈಯಲ್ಲೇ ಹೊಳೆದವು. "ಊರಿಗೆಲ್ಲ ಹೊಳಪು, ನಮ್ಮನೆ ಬಾಣಲೆ ಮಾತ್ರ ಮಸಿ" ಎಂದು ಗಂಡ ಒಮ್ಮೆ ಚುಚ್ಚಿದ್ದ. "ನಿಮಗೂ ಎರಡು ಕೈ ಇವೆಯಲ್ಲ" ಎಂದಿದ್ದಳು. ಮತ್ತೆ ಅವನು ಬಾಣಲೆಯ ಸುದ್ದಿಗೆ ಬರಲಿಲ್ಲ.

ಅವಳು ಪ್ರಾಣ ಇಟ್ಟುಕೊಂಡಿದ್ದು ಶೆಡ್ಡಿನಲ್ಲಿದ್ದ ಉದ್ದ ಮೂತಿಯ ಕಾರಿನ ಮೇಲೆ. ಕಳೆದ ಶತಮಾನದ ಇಪ್ಪತ್ತರ ದಶಕದ್ದು. ಆಗ ಕಾರಿನ ಕಂಪನಿಯವರು ಎಂಜಿನ್ನು, ಚಕ್ರ, ಅಡಿಯ ಚೌಕಟ್ಟು ಮಾತ್ರ ಕೊಡುತ್ತಿದ್ದರು. ದುಡ್ಡಿದ್ದವರು ಮೇಲಿನ ಮೈಯನ್ನು ಬೇರೆ ಕಾರ್ಖಾನೆಯಲ್ಲಿ ತಮಗೆ ಬೇಕಾದಂತೆ ಕಟ್ಟಿಸಿಕೊಳ್ಳುತ್ತಿದ್ದರು. "ದರ್ಜಿ ಹತ್ರ ಅಂಗಿ ಹೊಲಿಸ್ಕೊಂಡ ಹಾಗೆ ಕಣೇ" ಎಂದು ಡಾಕ್ಟರಮ್ಮ ವಿವರಿಸಿದ್ದರು.

ರಜೆಯ ಮಧ್ಯಾಹ್ನ ಅವಳು ಕಾರು ಒರೆಸುವಾಗ ಡಾಕ್ಟರಮ್ಮ ಬೆತ್ತದ ಕುರ್ಚಿ ಎಳೆದುಕೊಂಡು ಅದರ ಜಾತಕ ಬಿಚ್ಚುತ್ತಿದ್ದರು. ಕಟ್ಟಿಸಿದವನು ಬಟ್ಟೆ ಗಿರಣಿಯ ಯಜಮಾನ. ಅವನು ದಿವಾಳಿಯೆದ್ದ ಮೇಲೆ ಕಾರು ನಾಟಕದ ನಟಿಯೊಬ್ಬಳ ಪಾಲಾಯಿತು. ಅವಳಿಂದ ವಕೀಲನೊಬ್ಬ ಇಸ್ಪೀಟಿನಲ್ಲಿ ಗೆದ್ದ. ವಕೀಲನ ಹೆಂಡತಿಗೆ ಕಷ್ಟದ ಹೆರಿಗೆಯಾದಾಗ ತಾಯಿ ಮಗು ಇಬ್ಬರನ್ನೂ ಉಳಿಸಿದ್ದಕ್ಕೆ ಡಾಕ್ಟರಮ್ಮನಿಗೆ ಬಂತು.

"ನೋವು ತಿಂದೋಳು ಅವಳು, ಕಾರು ಕೊಟ್ಟು ದೊಡ್ಡ ಮನುಷ್ಯ ಆದೋನು ಅವನು" ಎಂದು ಡಾಕ್ಟರಮ್ಮ ನಗುತ್ತಿದ್ದರು.

"ಅವರ ಮನೇಲೆಲ್ಲ ಇದನ್ನ ಒರೆಸ್ತಿದ್ದೋರು ಯಾರಮ್ಮಾ?"

ಡಾಕ್ಟರಮ್ಮ ತಬ್ಬಿಬ್ಬಾದರು. "ಅದನ್ನ ಯಾರೂ ಹೇಳಲಿಲ್ಲ ಕಣೇ. ನಾನೂ ಕೇಳಲಿಲ್ಲ."

ಡಾಕ್ಟರಮ್ಮ ತೀರಿಕೊಂಡ ಮೇಲೆ ಅವರ ತಮ್ಮನ ಮಗ ಕಾರು ಮಾರಲು ನಿಂತ. ಕೊಳ್ಳಲು ಬಂದ ಸಾಹುಕಾರರು ಹಳೆಯ ಕಾರುಗಳ ಹುಚ್ಚಿನವರು. ನೆಲಕ್ಕೆ ಬೆನ್ನು ಕೊಟ್ಟು ಮಲಗಿ ಕಾರಿನ ಹೊಟ್ಟೆ ನೋಡಿದರು, ಮರದ ಪಕ್ಕೆಗಳನ್ನು ತಟ್ಟಿದರು, ಕೊನೆಗೆ ಬಾಗಿಲ ಹೊಸ್ತಿಲ ಬಳಿ ಕುಕ್ಕರುಗಾಲಲ್ಲಿ ಕೂತರು. ಅಲ್ಲೊಂದು ಹಿತ್ತಾಳೆ ಬಿಲ್ಲೆ. ಕನ್ನಡಿಯಂತೆ ನುಣ್ಣಗೆ.

"ಮೈ ಕಟ್ಟಿದವರ ಹೆಸರು ಇಲ್ಲಿರಬೇಕಿತ್ತಲ್ಲ?"

ತಮ್ಮನ ಮಗ ಫಳಫಳಮ್ಮನ ಕಡೆ ತಿರುಗಿದ. "ಇದಕ್ಕೇನು ಹಾಕಿ ಉಜ್ಜುತಿದ್ದೆ?"

"ಬೂದಿ, ಹುಳಿ. ಪಾತ್ರೆಗೆ ಹಾಕೋದೇ."

"ಹೆಸರನ್ನೇ ತಿಕ್ಕಿ ತೆಗೆದಿದ್ದೀಯಲ್ಲಮ್ಮಾ!"

"ಹೊಳೀಲಿಲ್ಲ ಅಂದ್ರೆ ಬೈಯೋರಿದ್ರು. ಹೊಳೆದಿದ್ದು ಸಾಕು ಅಂತ ಹೇಳೋರು ಯಾರಿದ್ರು?"

ಸಾಹುಕಾರರು ಕೈ ಕೊಡವಿಕೊಂಡು ಎದ್ದರು. "ಹೆಸರಿಲ್ಲದ ಮೇಲೆ ಈ ಮೈಗೆ ಬೆಲೆಯಿಲ್ಲ. ಕಿತ್ತು ಹಾಕಿ, ಮೇಲ್ಛಾವಣಿ ಇಲ್ಲದ ಹೊಸ ಮೈ ಕಟ್ಟಿಸ್ತೀನಿ."

ಅವಳು ಕಾರಿನ ಬಾಗಿಲ ಮೇಲೆ ಕೈಯಿಟ್ಟಳು. ಮಳೆ ಗಾಳಿಯೆನ್ನದೆ ಡಾಕ್ಟರಮ್ಮ ಹೆರಿಗೆಗೆಂದು ಹತ್ತಿ ಹೋಗುತ್ತಿದ್ದ ಬಾಗಿಲು ಅದು. ಅದರ ಒಂದೊಂದು ತಿರುವೂ ಅವಳ ಅಂಗೈಗೆ ಗೊತ್ತು. ಅದೆಲ್ಲ ಈಗ ಅವಳ ಉಜ್ಜಾಟದಿಂದಲೇ ಗುಜರಿಗೆ.

"ಹಾಗಾದ್ರೆ ಆ ಬಿಲ್ಲೆ ನಂಗೆ ಕೊಡಿ."

"ಬರೀ ತಗಡು. ಯಾಕಮ್ಮ ಅದು?" ತಮ್ಮನ ಮಗ ಕೇಳಿದ.

"ಸವೆಸಿದ್ದು ನಾನಲ್ವಾ? ನಂಗೇ ಇರ್ಲಿ."

ತಮ್ಮನ ಮಗ ನಗುತ್ತ ತಿರುಪು ಬಿಚ್ಚಿ ಬಿಲ್ಲೆಯನ್ನು ಅವಳ ಕೈಗಿಟ್ಟ. ಹಿಂಬದಿ ಹಸಿರು ಕಿಲುಬು ಹಿಡಿದಿತ್ತು. ಕೊಳೆ ಕಂಡರೆ ಸುಮ್ಮನಿರುವ ಕೈಯೇ ಅದು? ಹೆಗಲ ಬಟ್ಟೆಯಿಂದ ಒರೆಸಹೋದಳು. ಹೆಬ್ಬೆರಳಿಗೆ ಏನೋ ತಡೆಯಿತು.

"ಇಲ್ಲೇನೋ ತರಿತರಿ ಇದೆ."

"ಉಜ್ಜಬೇಡಿ!" ಸಾಹುಕಾರರು ಕೂಗಿಕೊಂಡರು. ಅವಳೊಡನೆ ಅವರಾಡಿದ ಮೊದಲ ಮಾತು ಅದು.

ಮುಂದಿನಿಂದ ಹೊಡೆದ ಅಚ್ಚು ತೆಳು ತಗಡಿನ ಹಿಂದಕ್ಕೆ ಉಬ್ಬಿ ನಿಂತಿತ್ತು, ಅಕ್ಷರಗಳೆಲ್ಲ ತಿರುಗುಮುರುಗು. ಸಾಹುಕಾರರು ಬಿಲ್ಲೆಯನ್ನು ಕಾರಿನ ಹಿಂದಿನ ಸೀಟಿನ ಪಕ್ಕದ ಪುಟ್ಟ ಕನ್ನಡಿಗೆ ಹಿಡಿದು ಒಂದೊಂದೇ ಅಕ್ಷರ ಓದಿದರು. ಮೈ ಕಟ್ಟಿದ ಕಾರ್ಖಾನೆಯ ಹೆಸರೇ ಅದು. ಆ ಕಾರ್ಖಾನೆ ಕಟ್ಟಿದ ಮೈಗಳಲ್ಲಿ ಒಂದೂ ಉಳಿದಿಲ್ಲವೆಂದೇ ಅವರು ನಂಬಿದ್ದರು.

"ಮೈ ಉಳಿಯುತ್ತೆ ತಾನೇ?" ಫಳಫಳಮ್ಮ ಕೇಳಿದಳು.

"ಒಂದು ಮೊಳೆ ಸಹ ಕೀಳಲ್ಲಮ್ಮ. ಆದ್ರೆ ಬಿಲ್ಲೆ ಕಾರಿನ ಜೊತೆಗೇ ಇರಬೇಕು."

"ಇರ್ಲಿ ಬಿಡಿ" ಎಂದಳು.

"ನೀವೂ ಜೊತೆಗೆ ಬಂದ್ಬಿಡಿ. ಒರೆಸೋಕೆ ನಿಮ್ಮಂಥೋರು ಎಲ್ಲಿ ಸಿಗ್ತಾರೆ?"

"ಇಷ್ಟು ಜನ ಯಜಮಾನರನ್ನ ಕಂಡಿದೆ ಇದು. ಒಬ್ರೂ ಒರೆಸಿಲ್ಲ. ನೀವು ಒರೆಸಿ ನೋಡೋಣ."

ತಮಾಷೆಯೆಂದು ಅವರು ನಕ್ಕರು. ಅವಳು ಬಟ್ಟೆ ಒದ್ದೆ ಮಾಡಿ, ಹಿಂಡಿ, ಅವರ ಕೈಗಿತ್ತಳು. "ಮೇಲಿಂದ ಶುರು ಮಾಡಿ, ಚಕ್ರ ಕೊನೆಗೆ. ಬೂದಿ ಮಾತ್ರ ಬೇಡ."

ಸಾಹುಕಾರರು ಒಮ್ಮೆ ಬಟ್ಟೆ ನೋಡಿದರು, ಒಮ್ಮೆ ಕಾರು ನೋಡಿದರು, ತೋಳು ಮಡಚಿದರು. ಫಳಫಳಮ್ಮ ಡಾಕ್ಟರಮ್ಮನ ಬೆತ್ತದ ಕುರ್ಚಿ ಎಳೆದುಕೊಂಡು ಕೂತಳು.

"ಅಲ್ಲಿ, ದೀಪದ ಕೆಳಗೆ. ಒಂಚೂರು ಬಿಟ್ಟಿದ್ದೀರಿ ನೋಡಿ."